ಯಾರ ಹೊಲ, ಯಾರ ಬೀಜ? ವಿದೇಶಿ ವಿಶ್ವವಿದ್ಯಾಲಯದ ಜೊತೆ ಸಂಶೋಧನೆ ನಡೆಯುವ ಬಗೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಊರಿನವರ ಬಾಯಲ್ಲಿ ಇವತ್ತಿಗೂ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದಲೇ ಒಂದು ರೂಢಿ ಇತ್ತು. ಮಗು ಹುಟ್ಟಿದ ಕೂಡಲೇ ತೂಕ ನೋಡುವುದು, ಉದ್ದ ಅಳೆಯುವುದು, ತಲೆಯ ಸುತ್ತಳತೆ ತೆಗೆಯುವುದು, ಎಲ್ಲವನ್ನೂ ಬರೆದಿಡುವುದು. ಬರೆದವರಿಗೆ ಅದು ದಿನದ ಕೆಲಸ. ಮುಂದೊಂದು ದಿನ ಆ ಅಂಕಿಗಳಿಗಾಗಿ ಇಂಗ್ಲೆಂಡಿನಿಂದ ಜನ ಹುಡುಕಿಕೊಂಡು ಬರುತ್ತಾರೆ ಅಂತ ಆಗ ಯಾರೂ ಎಣಿಸಿರಲಿಕ್ಕಿಲ್ಲ.

ಬಂದವರು ಸೌತಾಂಪ್ಟನ್ ವಿಶ್ವವಿದ್ಯಾಲಯದವರು. ತಾಯಿಯ ಹೊಟ್ಟೆಯಲ್ಲಿ ಮಗು ಸರಿಯಾಗಿ ಬೆಳೆಯದಿದ್ದರೆ ಅದರ ಪರಿಣಾಮ ಐವತ್ತು ವರ್ಷ ಕಳೆದ ಮೇಲೂ ಹೃದಯದ ಕಾಯಿಲೆಯಾಗಿ ಕಾಣಿಸಿಕೊಳ್ಳಬಹುದು ಅನ್ನುವುದು ಅಲ್ಲಿನ ವಿಜ್ಞಾನಿ ಡೇವಿಡ್ ಬಾರ್ಕರ್ ಅವರ ವಾದ. ಹರ್ಟ್‌ಫರ್ಡ್‌ಶೈರ್ ಕೌಂಟಿಯಲ್ಲಿ 1911ರಿಂದ ದಾದಿಯರು ಬರೆದಿಟ್ಟಿದ್ದ ಮಕ್ಕಳ ತೂಕದ ಪುಸ್ತಕಗಳು ಅವರಿಗೆ ದೊಡ್ಡ ಆಧಾರ. ಒಪ್ಪದವರೂ ಬಹಳ ಮಂದಿ ಇದ್ದರು. ಇಂಗ್ಲೆಂಡಿನ ಲೆಕ್ಕ ಇಂಗ್ಲೆಂಡಿಗೆ ಸರಿ. ಊಟ ಬೇರೆ, ಹವೆ ಬೇರೆ, ಬದುಕೇ ಬೇರೆ ಇರುವ ಕಡೆ ಈ ವಾದ ನಿಲ್ಲುತ್ತದಾ? ಪರೀಕ್ಷಿಸಿ ನೋಡಬೇಕಾದರೆ ಅಂಥ ದೇಶದಲ್ಲಿ ಅರ್ಧ ಶತಮಾನದಷ್ಟು ಹಳೆಯ ಜನನ ದಾಖಲೆ ಬೇಕು. ತೂಕ ಒಂದೇ ಸಾಲದು, ಉದ್ದವೂ ಇದ್ದರೆ ಇನ್ನೂ ಒಳ್ಳೆಯದು. ಅಂಥದ್ದು ಸಿಗುವುದು ತುಂಬಾ ಅಪರೂಪ. ಮೈಸೂರಿನಲ್ಲಿ ಇತ್ತು.

1934ರಿಂದ 1954ರ ಒಳಗೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಇನ್ನೂ ಅದರ ಆಸುಪಾಸಿನಲ್ಲೇ ವಾಸವಿದ್ದ 517 ಮಂದಿಯನ್ನು ಪತ್ತೆ ಮಾಡಿ ತಪಾಸಣೆ ನಡೆಸಿದರು. ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಮೂರು ಕೆ.ಜಿ. ದಾಟಿ ದಷ್ಟಪುಷ್ಟವಾಗಿ ಹುಟ್ಟಿದವರಲ್ಲಿ ಅದು ಶೇ 3ರ ಆಸುಪಾಸು. ಇಂಗ್ಲೆಂಡಿನಲ್ಲಿ ಕಂಡದ್ದು ಮೈಸೂರಿನಲ್ಲೂ ಕಂಡಿತು.

ಅಷ್ಟಕ್ಕೇ ಮುಗಿದಿದ್ದರೆ ಅದು ಬ್ರಿಟನ್ನಿನ ಒಂದು ವಾದಕ್ಕೆ ಮೈಸೂರು ಹಾಕಿದ ಸಹಿ ಅಷ್ಟೇ ಆಗುತ್ತಿತ್ತು. ಆದರೆ ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ಮೈಸೂರಿನ ಲೆಕ್ಕ ಬೇರೆ ದಾರಿ ಹಿಡಿಯಿತು. ಇಂಗ್ಲೆಂಡಿನಲ್ಲಿ ತೂಕ ಕಡಿಮೆ ಇದ್ದು ಹುಟ್ಟಿದವರಿಗೆ ಮುಂದೆ ಸಕ್ಕರೆ ಕಾಯಿಲೆ ಜಾಸ್ತಿ. ಇಲ್ಲಿ ಹಾಗೆ ಕಾಣಲಿಲ್ಲ. ಹುಟ್ಟುವಾಗ ಉದ್ದ ಕಡಿಮೆ, ಆ ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಇದ್ದವರಲ್ಲಿ ಕಾಯಿಲೆ ಹೆಚ್ಚಿತ್ತು. ಅವರ ತಾಯಂದಿರೂ ತೂಕ ಹೆಚ್ಚಿದ್ದವರು. ಹಾಗಾದರೆ ಆ ತಾಯಂದಿರಿಗೆ ಬಸಿರಿನಲ್ಲಿ ಸಕ್ಕರೆ ಅಂಶ ಏರಿತ್ತಾ? ಹಳೆಯ ಪುಸ್ತಕದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಹೊಸದಾಗಿ ಗರ್ಭಿಣಿಯರನ್ನೇ ಪರೀಕ್ಷಿಸಬೇಕಿತ್ತು. ಹಾಗೆ 1997ರಲ್ಲಿ ಅದೇ ಆಸ್ಪತ್ರೆಯಲ್ಲಿ ಶುರುವಾದದ್ದು ಮೈಸೂರು ಪಾರ್ಥೆನಾನ್ ಅಧ್ಯಯನ. ಹೆಸರು ದುಡ್ಡು ಕೊಟ್ಟ ಸ್ವಿಟ್ಜರ್ಲೆಂಡಿನ ಪಾರ್ಥೆನಾನ್ ಟ್ರಸ್ಟ್‌ನಿಂದ ಬಂದದ್ದು. ಪರೀಕ್ಷೆ ಮಾಡಿಸಿಕೊಂಡ ಗರ್ಭಿಣಿಯರಲ್ಲಿ ಸುಮಾರು ಶೇ 6ರಷ್ಟು ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಅವರ ಮಕ್ಕಳು ಒಂಬತ್ತೂವರೆ ವರ್ಷಕ್ಕೆ ಬರುವ ಹೊತ್ತಿಗೆ ಬೇರೆ ಮಕ್ಕಳಿಗಿಂತ ಮೈಯಲ್ಲಿ ಕೊಬ್ಬು ಜಾಸ್ತಿ, ರಕ್ತದಲ್ಲಿ ಇನ್ಸುಲಿನ್ ಜಾಸ್ತಿ. 2010ರಲ್ಲಿ ಇದನ್ನು ಪ್ರಕಟಿಸಿದ ಲೇಖನದಲ್ಲಿ ಮೊದಲ ಹೆಸರು ಮೈಸೂರಿನಲ್ಲೇ ಕೆಲಸ ಮಾಡುವ ಜಿ.ವಿ. ಕೃಷ್ಣವೇಣಿ ಅವರದು.

ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣ ಇದೆ. ವಿದೇಶಿ ವಿಶ್ವವಿದ್ಯಾಲಯದ ಜೊತೆ ಸಂಶೋಧನೆ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಪತ್ರಿಕೆಯ ಫೋಟೊ. ಎರಡು ಕಡೆಯವರು ಫೈಲ್ ಹಿಡಿದು ನಿಂತಿರುತ್ತಾರೆ, ಹಿಂದೆ ಬ್ಯಾನರ್, ಅತಿಥಿಗಳ ತಲೆಗೆ ಮೈಸೂರು ಪೇಟ. ಅವರ ಹತ್ತಿರ ದುಡ್ಡು, ಯಂತ್ರ, ಬುದ್ಧಿ ಇದೆ, ನಾವು ಕಲಿಯಲು ಹೋಗುತ್ತಿದ್ದೇವೆ ಅನ್ನುವ ಭಾವನೆಯೂ ಜೊತೆಗೇ ಬಂದುಬಿಡುತ್ತದೆ. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 1963ರಲ್ಲಿ ಮೈಸೂರಿನಲ್ಲಿ ಶುರುವಾದ, ಇವತ್ತು ನಾವು ಆರ್‌ಐಇ ಅನ್ನುವ ಶಿಕ್ಷಣ ಕಾಲೇಜಿಗೆ ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದ ನೆರವಿತ್ತು. ಅದು ಕಟ್ಟುವ ಕಾಲ, ನೆರವು ಬೇಕಿತ್ತು. ಆದರೆ ಮಿಷನ್ ಆಸ್ಪತ್ರೆಯ ಕತೆ ಬೇರೆ. ಸೌತಾಂಪ್ಟನ್‌ನಲ್ಲಿ ಪ್ರಶ್ನೆ ಇತ್ತು, ಸಂಖ್ಯಾಶಾಸ್ತ್ರ ಬಲ್ಲವರಿದ್ದರು. ಮೈಸೂರಿನಲ್ಲಿ ದಾಖಲೆ ಇತ್ತು, ಊರು ಬಿಟ್ಟು ಹೋಗದ ಜನ ಇದ್ದರು, ಅವರ ಮನೆ ಬಾಗಿಲಿಗೆ ಹೋಗಿ ಕನ್ನಡದಲ್ಲಿ ಮಾತಾಡಿಸಬಲ್ಲ ವೈದ್ಯರು, ನರ್ಸ್‌ಗಳು ಇದ್ದರು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಸಹಯೋಗ ನಿಲ್ಲುವುದು ಇದರ ಮೇಲೆ. ಫೋಟೊದ ಮೇಲಲ್ಲ.

ವಾರಕ್ಕೋ, ಗುತ್ತಿಗೆಗೋ?

ಮಂಡ್ಯ ಕಡೆ ಜಮೀನನ್ನು ಬೇರೆಯವರಿಗೆ ಬಿಡುವುದು ಎರಡು ಥರ. ಗುತ್ತಿಗೆಗೆ ಬಿಟ್ಟರೆ ವರ್ಷಕ್ಕೆ ಇಷ್ಟು ಅಂತ ದುಡ್ಡು ಎಣಿಸಿಕೊಂಡರೆ ಮುಗಿಯಿತು, ಬೆಳೆ ಪೂರ್ತಿ ಉತ್ತವನದು. ವಾರಕ್ಕೆ ಬಿಟ್ಟರೆ ಭೂಮಿ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೀಜ ಗೊಬ್ಬರದ ಖರ್ಚು ಯಾರದು ಅಂತ ಮೊದಲೇ ಮಾತು, ಕಣದಲ್ಲಿ ಇಬ್ಬರಿಗೂ ಪಾಲು. ವಿದೇಶಿ ಸಂಶೋಧನೆಯಲ್ಲೂ ಈ ಎರಡೂ ಇವೆ. ಒಂದು ಸ್ಯಾಂಪಲ್‌ಗೆ ಇಷ್ಟು, ಒಂದು ಸಮೀಕ್ಷೆ ಫಾರಂಗೆ ಇಷ್ಟು ಅಂತ ದುಡ್ಡು ಪಡೆದು ಮಾಹಿತಿ ಕಳಿಸಿಕೊಟ್ಟರೆ ಅದು ಗುತ್ತಿಗೆ. ಅದು ತಪ್ಪಲ್ಲ, ಲ್ಯಾಬ್‌ಗೆ ಆದಾಯ ಬರುತ್ತದೆ. ಆದರೆ ಅದನ್ನು ಸಹಯೋಗ ಅಂತ ಕರೆದು ಪಾಲು ಸಿಗುತ್ತದೆ ಅಂದುಕೊಂಡರೆ ಆಮೇಲೆ ಜಗಳವೇ. ಯಾವ ಥರದ್ದು ಅನ್ನುವುದು ಕಾಗದದಲ್ಲಿ ಮೊದಲೇ ಇರಬೇಕು.

ಕಾಗದಗಳಲ್ಲಿ ಮೊದಲನೆಯದು ಎಂಒಯು, ಒಡಂಬಡಿಕೆ ಪತ್ರ. ಎರಡು ಸಂಸ್ಥೆಗಳೂ ಇಂಥ ವಿಷಯದಲ್ಲಿ ಸೇರಿ ಕೆಲಸ ಮಾಡಲು ಇಷ್ಟಪಡುತ್ತವೆ, ಅಧ್ಯಾಪಕರು ವಿದ್ಯಾರ್ಥಿಗಳು ಹೋಗಿ ಬರಬಹುದು ಅಂತ ಅದರಲ್ಲಿ ಇರುತ್ತದೆ. ಸಾಮಾನ್ಯವಾಗಿ ಇದು ಕಾನೂನಿನಲ್ಲಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಒಂದು ರೂಪಾಯಿಯೂ ಇದರಿಂದ ಆ ಕಡೆಯಿಂದ ಈ ಕಡೆಗೆ ಬರುವುದಿಲ್ಲ. ಸಹಿ ಆದ ಮೇಲೆ ಅವಧಿ ಮುಗಿಯುವ ತನಕ ಏನೂ ನಡೆಯದ ಎಂಒಯುಗಳು ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ಕಪಾಟಿನಲ್ಲಿ ಬೇಕಾದಷ್ಟಿವೆ. ನಿಜವಾದ ಕೆಲಸ ಬೇರೆ ಕಡೆಯಿಂದ ಶುರುವಾಗುತ್ತದೆ. ಇಲ್ಲಿಂದ ಪಿಎಚ್.ಡಿ.ಗೋ ಪೋಸ್ಟ್‌ಡಾಕ್‌ಗೋ ಹೋದ ಹುಡುಗಿ ಅಲ್ಲಿನ ಲ್ಯಾಬ್‌ನಲ್ಲಿ ಎರಡು ವರ್ಷ ಇದ್ದು ವಾಪಸ್ ಬಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಕೆಲಸಕ್ಕೆ ಸೇರುತ್ತಾಳೆ. ಹಳೆಯ ಗೈಡ್ ಜೊತೆ ಮೇಲ್ ನಡೆಯುತ್ತಲೇ ಇರುತ್ತದೆ. ಒಂದು ಪ್ರಶ್ನೆ ಇಬ್ಬರಿಗೂ ಕೊರೆಯುತ್ತದೆ. ಅಲ್ಲಿಂದ ಯೋಜನೆ ಹುಟ್ಟುತ್ತದೆ. ಇಬ್ಬರು ಮನುಷ್ಯರ ನಡುವಿನ ನಂಬಿಕೆ ಮೊದಲು, ಸಂಸ್ಥೆಗಳ ಕಾಗದ ಆಮೇಲೆ.

ಆ ಹೊತ್ತಿಗೆ ಬೇಕಾಗುವುದು ಯೋಜನಾ ಒಪ್ಪಂದ. ಇದು ಕಾನೂನಿನಲ್ಲಿ ನಿಲ್ಲುವ ಕಾಗದ. ಯಾರು ಏನು ಮಾಡಬೇಕು, ದುಡ್ಡು ಯಾವಾಗ ಯಾರಿಗೆ, ಮಾಹಿತಿ ಎಲ್ಲಿ ಇರಬೇಕು, ಲೇಖನ ಬರೆಯುವವರು ಯಾರು, ಪೇಟೆಂಟ್ ಬಂದರೆ ಯಾರದು, ಜಗಳ ಆದರೆ ಯಾವ ದೇಶದ ಕೋರ್ಟು, ಮಧ್ಯದಲ್ಲಿ ಒಬ್ಬರು ಬಿಟ್ಟರೆ ಏನು. ಒಂದು ಸಾಲನ್ನು ಮಾತ್ರ ಯಾರೂ ಹಾರಿಸಿ ಓದಬಾರದು. ಯೋಜನೆಗೆ ಮುಂಚೆಯೇ ನಮ್ಮ ಹತ್ತಿರ ಇದ್ದದ್ದು ನಮ್ಮದೇ, ಯೋಜನೆಯಲ್ಲಿ ಹುಟ್ಟಿದ್ದು ಮಾತ್ರ ಹಂಚಿಕೆಗೆ ಅಂತ ಒಳ್ಳೆಯ ಒಪ್ಪಂದದಲ್ಲಿ ಬಿಡಿಸಿ ಬರೆದಿರುತ್ತಾರೆ. ನಮ್ಮ ಹತ್ತಿರ ಮೊದಲೇ ಇದ್ದದ್ದು ಏನೇನು ಅನ್ನುವ ಪಟ್ಟಿಯನ್ನು ಒಪ್ಪಂದದ ಕೊನೆಗೆ ಲಗತ್ತಿಸಬೇಕು. ಹಳೆಯ ರಿಜಿಸ್ಟರ್, ತಾಳೆಗರಿ, ಬೀಜದ ಸಂಗ್ರಹ, ಕನ್ನಡ ಮಾತಿನ ಧ್ವನಿಮುದ್ರಣ, ಏನೇ ಇರಲಿ. ಆ ಪಟ್ಟಿ ಖಾಲಿ ಬಿಟ್ಟರೆ ನಾಳೆ ಎಲ್ಲವೂ ಯೋಜನೆಯಲ್ಲೇ ಹುಟ್ಟಿದ್ದು ಅಂತ ಆಗಿಬಿಡುತ್ತದೆ.

ದುಡ್ಡಿನ ದಾರಿ

ಬಹಳಷ್ಟು ಯೋಜನೆಗಳಲ್ಲಿ ಎರಡು ದೇಶದ ಸರ್ಕಾರಗಳು ಸೇರಿ ದುಡ್ಡು ಇಡುತ್ತವೆ. ಭಾರತ ಮತ್ತು ಫ್ರಾನ್ಸ್ 1987ರಲ್ಲಿ ಇದಕ್ಕಾಗಿಯೇ ಸೆಫಿಪ್ರಾ ಕೇಂದ್ರ ಮಾಡಿಕೊಂಡವು. ಅಮೆರಿಕದ ಜೊತೆಗಿನ ವಿಜ್ಞಾನ ತಂತ್ರಜ್ಞಾನ ವೇದಿಕೆ 2000ದಲ್ಲಿ ಬಂತು, ಬ್ರಿಟನ್ ಜೊತೆಗಿನ ಯುಕಿಯೇರಿ 2006ರಲ್ಲಿ. ಕೇಂದ್ರ ಶಿಕ್ಷಣ ಇಲಾಖೆಯ ಸ್ಪಾರ್ಕ್ ಯೋಜನೆ 2018ರದು. ಇಂಥವುಗಳಲ್ಲಿ ಸಾಮಾನ್ಯ ನಿಯಮ ಏನೆಂದರೆ ಅವರ ಖರ್ಚು ಅವರ ಸರ್ಕಾರದ್ದು, ನಮ್ಮ ಖರ್ಚು ನಮ್ಮ ಸರ್ಕಾರದ್ದು. ಯುರೋಪ್ ಒಕ್ಕೂಟದ ಹೊರೈಜನ್ ಯುರೋಪ್ ಯೋಜನೆಯಲ್ಲಿ ನಮ್ಮವರು ಸೇರಬಹುದು, ಆದರೆ ಭಾರತದ ಸಂಸ್ಥೆಗೆ ತನ್ನಷ್ಟಕ್ಕೆ ದುಡ್ಡು ಸಿಗುವುದಿಲ್ಲ. ಹೆಚ್ಚಿನ ಸಲ ನಮ್ಮ ಪಾಲಿನ ಖರ್ಚಿಗೆ ನಾವೇ ದಾರಿ ಮಾಡಿಕೊಳ್ಳಬೇಕು.

ದುಡ್ಡು ನೇರವಾಗಿ ಹೊರಗಿನಿಂದಲೇ ಬರುವುದಾದರೆ ಎಫ್‌ಸಿಆರ್‌ಎ ಅನ್ನುವ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಎದುರಾಗುತ್ತದೆ. ಶಾಸನದ ಮೂಲಕ ಹುಟ್ಟಿ ಸಿಎಜಿ ಲೆಕ್ಕಪರಿಶೋಧನೆಗೆ ಒಳಪಡುವ ಸಂಸ್ಥೆಗಳಿಗೆ ಇದರಲ್ಲಿ ವಿನಾಯಿತಿ ಇದೆ. ಟ್ರಸ್ಟ್, ಸೊಸೈಟಿ, ಖಾಸಗಿ ಆಸ್ಪತ್ರೆಗಳಿಗೆ ನೋಂದಣಿ ಬೇಕು. 2020ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಈಗ ವಿದೇಶಿ ದುಡ್ಡು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಆಡಳಿತದ ಖರ್ಚು ಶೇ 20 ದಾಟಬಾರದು, ಮುಂಚೆ ಅದು ಶೇ 50 ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸಿದ್ದು ಇನ್ನೊಂದು ನಿಯಮ. ಬಂದ ದುಡ್ಡನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಮೈಸೂರಿನ ದೊಡ್ಡ ಟ್ರಸ್ಟ್ ಒಂದು ಯೋಜನೆ ಪಡೆದು, ಅದರಲ್ಲಿ ಸ್ವಲ್ಪವನ್ನು ಮಳವಳ್ಳಿಯಲ್ಲೋ ನಾಗಮಂಗಲದಲ್ಲೋ ಕೆಲಸ ಮಾಡುವ ಸಣ್ಣ ಸಂಸ್ಥೆಗೆ ಕೊಟ್ಟು ಹಳ್ಳಿಯ ಕೆಲಸ ಮಾಡಿಸುವ ಪದ್ಧತಿಗೆ ಇದರಿಂದ ತಡೆ ಬಿತ್ತು. ದುಡ್ಡಿನ ಲೆಕ್ಕ ಕಟ್ಟುನಿಟ್ಟಾಗಿರಲಿ, ಅದು ಸರಿ. ಆದರೆ ಈ ನಿಯಮದ ಪೆಟ್ಟು ಬಿದ್ದದ್ದು ಹಳ್ಳಿಗೆ ಹತ್ತಿರ ಇರುವ ಸಣ್ಣವರ ಮೇಲೆ ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ಓವರ್‌ಹೆಡ್. ಕರೆಂಟ್ ಬಿಲ್ಲು, ಕಟ್ಟಡ, ಲೆಕ್ಕಪತ್ರ ವಿಭಾಗದ ಸಂಬಳ ಇಂಥವಕ್ಕೆ ಯೋಜನೆಯ ದುಡ್ಡಿನ ಮೇಲೆ ಸಂಸ್ಥೆ ತೆಗೆದುಕೊಳ್ಳುವ ಪಾಲು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳು ತಮ್ಮ ಸರ್ಕಾರದ ಜೊತೆ ಚೌಕಾಸಿ ಮಾಡಿ, ಅದರ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ ಯೋಜನೆಗಳಲ್ಲಿ ಶೇ 50ಕ್ಕಿಂತ ಹೆಚ್ಚು ಪಡೆದದ್ದುಂಟು. ಅದೇ ಎನ್‌ಐಎಚ್ ವಿದೇಶಿ ಸಂಸ್ಥೆಗಳಿಗೆ ಇಟ್ಟುಕೊಂಡು ಬಂದ ಮಿತಿ ಶೇ 8. ರಕ್ತದ ಸ್ಯಾಂಪಲ್‌ಗಳನ್ನು ಮೈನಸ್ 80 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಡಬೇಕು. ಕರೆಂಟ್ ಹೋದರೆ ಜನರೇಟರ್ ತಾನಾಗಿ ಶುರುವಾಗಬೇಕು, ಡೀಸೆಲ್ ಇರಬೇಕು, ಭಾನುವಾರವೂ ಒಬ್ಬರು ಬಂದು ನೋಡಬೇಕು. ಆ ಖರ್ಚು ಇಲ್ಲಿಯದು. ಒಪ್ಪಂದಕ್ಕೆ ಕೂರುವ ನಮ್ಮವರು ಇದನ್ನು ಬಾಯಿಬಿಟ್ಟು ಕೇಳಬೇಕು. ಓವರ್‌ಹೆಡ್ ಹೆಸರಿನಲ್ಲಿ ಸಿಗದಿದ್ದರೆ ಫ್ರೀಜರ್ ನಿರ್ವಹಣೆ ಅಂತ ಬೇರೆ ಸಾಲು ಹಾಕಿಸಿ ಕೇಳಬಹುದು.

ಒಪ್ಪಿಗೆ ಯಾರ್ಯಾರದು

ಮನುಷ್ಯರ ಮೇಲೆ ನಡೆಯುವ ಅಧ್ಯಯನವಾದರೆ ಎರಡೂ ಕಡೆಯ ನೈತಿಕ ಸಮಿತಿಗಳು ಒಪ್ಪಬೇಕು. ಒಂದು ಕಡೆ ಒಪ್ಪಿದರೆ ಇನ್ನೊಂದು ಕಡೆ ತಾನಾಗಿ ಆಗುವುದಿಲ್ಲ. ವಿದೇಶಿ ಪಾಲುದಾರರು ಇರುವ ಆರೋಗ್ಯ ಸಂಶೋಧನೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆಯೂ ಹೋಗಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರಿಗೆ ಇದು ಸುಮ್ನೆ ವಿಳಂಬ ಅನ್ನಿಸುತ್ತದೆ. ಆದರೆ ಬಡವರ ರಕ್ತ, ಬಡವರ ಮಾಹಿತಿ ಕೇಳುವವರಿಲ್ಲದೆ ಹೊರಗೆ ಹೋದ ಅನುಭವ ಜಗತ್ತಿನ ಎಷ್ಟೋ ಕಡೆ ಇದೆ. ನನ್ನ ಪ್ರಕಾರ ಈ ತಡೆಗಳು ಇರಲೇಬೇಕು.

ಎಲ್ಲಕ್ಕಿಂತ ಕಷ್ಟದ ಕಾಗದ ಮಾತ್ರ ದೆಹಲಿಗೆ ಹೋಗುವುದಲ್ಲ. ಅದು ಒಪ್ಪಿಗೆ ಪತ್ರ. ಇಂಗ್ಲಿಷಿನಲ್ಲಿ ಐದಾರು ಪುಟ ಬಂದಿರುತ್ತದೆ. ಅದನ್ನು ಸರ್ಕಾರಿ ಕನ್ನಡಕ್ಕೆ ಇಳಿಸಿ 'ಸದರಿ ಅಧ್ಯಯನದಲ್ಲಿ ಸ್ವಯಂಪ್ರೇರಿತವಾಗಿ ಭಾಗವಹಿಸಲು ಸಮ್ಮತಿಸಿರುತ್ತೇನೆ' ಅಂತ ಬರೆದರೆ ಸಮಿತಿಗೆ ಸಮಾಧಾನ ಆಗಬಹುದು, ಕೆ.ಆರ್. ಪೇಟೆಯಿಂದ ಹೆರಿಗೆಗೆ ಬಂದ ಹೆಣ್ಣುಮಗಳಿಗೆ ಏನೂ ಗೊತ್ತಾಗುವುದಿಲ್ಲ. 'ನಿಮ್ಮ ಕೈಯಿಂದ ಎರಡು ಚಮಚದಷ್ಟು ರಕ್ತ ತೆಗೆಯುತ್ತೇವೆ. ಇದರಿಂದ ನಿಮಗೆ ಈಗಲೇ ಲಾಭ ಆಗಲಿಕ್ಕಿಲ್ಲ. ಬೇಡ ಅನ್ನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ನಿಮ್ಮ ಚಿಕಿತ್ಸೆಗೆ ಏನೂ ತೊಂದರೆ ಇಲ್ಲ' ಅಂತ ಬರೆದರೆ ಗೊತ್ತಾಗುತ್ತದೆ. ಓದಲು ಬಾರದವರಿಗೆ ಓದಿ ಹೇಳಬೇಕು, ಹೆಬ್ಬೆಟ್ಟು ಹಾಕಿಸಿಕೊಳ್ಳುವಾಗ ಸಂಬಂಧ ಇಲ್ಲದ ಒಬ್ಬರು ಸಾಕ್ಷಿ ಇರಬೇಕು. ರಕ್ತ ದೇಶದ ಹೊರಗೆ ಹೋಗುವುದಿದ್ದರೆ ಅದನ್ನೂ ಹೇಳಲೇಬೇಕು. ಈ ಒಂದು ಕೆಲಸವನ್ನು ಸೌತಾಂಪ್ಟನ್‌ನಲ್ಲಿ ಕೂತು ಯಾರೂ ಮಾಡಲು ಆಗುವುದಿಲ್ಲ.

ಬೀಜ ಗಡಿ ದಾಟುವಾಗ

ಮನುಷ್ಯರ ವಿಷಯ ಬಿಟ್ಟು ಬೆಳೆಗೆ ಬಂದರೆ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಕಡೆ ನೋಡಬೇಕು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್ ಕೆನಡಾದವರು, ಡಾಕ್ಟರೇಟ್ ಮಾಡಿದ್ದು ಜರ್ಮನಿಯ ಗಟಿಂಗನ್‌ನಲ್ಲಿ. ಅಂದರೆ ನಮ್ಮ ಕಡೆ ಕೃಷಿ ಸಂಶೋಧನೆ ಶುರುವಾದಾಗಲೇ ಅದರಲ್ಲಿ ಹೊರದೇಶದ ಕಲಿಕೆ ಬೆರೆತಿತ್ತು. ಆದರೆ ಹೆಮ್ಮೆಯಿಂದ ಹೇಳಬೇಕಾದ ಕತೆ ಅದಕ್ಕಿಂತ ಈಚಿನದು. ರಾಗಿ ಲಕ್ಷ್ಮಣಯ್ಯ ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಇಲ್ಲಿ ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಅಡ್ಡಹಾಯಿಸಿದರು. ಹಾಗೆ ಹುಟ್ಟಿದ್ದು ಇಂಡಾಫ್ ತಳಿಗಳು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ.

ರಾಗಿ ನಮ್ಮದೇ ಅಂತ ನಾವು ಎಷ್ಟು ಅಂದುಕೊಂಡರೂ ಅದರ ತವರು ಪೂರ್ವ ಆಫ್ರಿಕಾದ ಇಥಿಯೋಪಿಯಾ, ಉಗಾಂಡ ಕಡೆಯ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು ಇಲ್ಲಿನ ಮಳೆ, ಮಣ್ಣು, ಹೊಟ್ಟೆಗೆ ಒಗ್ಗಿಕೊಂಡಿತು. ಅಲ್ಲೇ ಉಳಿದ ಆಫ್ರಿಕಾದ ತಳಿಗಳು ದಪ್ಪ ತೆನೆ, ಗಟ್ಟಿ ಕಾಂಡ, ಬೆಂಕಿ ರೋಗ ತಡೆಯುವ ಶಕ್ತಿ ಇಟ್ಟುಕೊಂಡಿದ್ದವು. ಬೇರೆ ಬೇರೆ ದಾರಿ ಹಿಡಿದ ಎರಡು ಕವಲನ್ನು ಮಂಡ್ಯದಲ್ಲಿ ಮತ್ತೆ ಸೇರಿಸಿದ್ದರಿಂದ ಇಳುವರಿ ಹೆಚ್ಚಿತು. ಇವತ್ತು ರೈತರು ಬೆಂಕಿ ರೋಗಕ್ಕೆ ಹೆದರದೆ ಬಿತ್ತುವ ಜಿಪಿಯು 28 ತಳಿಯ ವಂಶದಲ್ಲೂ ಇಂಡಾಫ್ 5 ಇದೆ. ಎರಡು ಖಂಡಗಳ ನಡುವಿನ ಸಂಶೋಧನೆಯ ಫಲ ಮುದ್ದೆಯ ತಟ್ಟೆಯ ತನಕ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅದೇ ಕೆಲಸವನ್ನು ಈಗ ಹೊಸದಾಗಿ ಮಾಡಬೇಕಾದರೆ? ಲಕೋಟೆಯಲ್ಲಿ ಬೀಜ ಹಾಕಿ ಕಳಿಸುವ ಕಾಲ ಮುಗಿದಿದೆ. ಹೊರಗಿನ ಬೀಜ, ಸಸ್ಯ ತಳಿಗಳ ಸಂಗ್ರಹ ನೋಡಿಕೊಳ್ಳುವ ದೆಹಲಿಯ ಎನ್‌ಬಿಪಿಜಿಆರ್ ಸಂಸ್ಥೆಯ ಪರವಾನಗಿ ಪಡೆದು, ರೋಗ ಕೀಟ ಇಲ್ಲ ಅಂತ ತಪಾಸಣೆ ಆಗಿ ಬರಬೇಕು. ರಾಗಿ 2001ರ ಅಂತರರಾಷ್ಟ್ರೀಯ ಸಸ್ಯ ಸಂಪನ್ಮೂಲ ಒಪ್ಪಂದದ ಪಟ್ಟಿಯಲ್ಲಿರುವ ಬೆಳೆ. ಹಾಗಾಗಿ ಅದರ ಬೀಜ ಬ್ಯಾಂಕುಗಳಿಂದ ತಳಿ ಪಡೆಯಲು ಎಲ್ಲ ದೇಶಗಳಿಗೂ ಒಂದೇ ಮಾದರಿಯ ವರ್ಗಾವಣೆ ಪತ್ರ ಇದೆ, ಪ್ರತಿ ಸಲ ಚೌಕಾಸಿ ಮಾಡಬೇಕಾಗಿಲ್ಲ. ಹೈದರಾಬಾದ್ ಹತ್ತಿರದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಇಂಥ ಸಂಗ್ರಹ ಇಟ್ಟುಕೊಂಡಿದೆ. ಪಟ್ಟಿಯಲ್ಲಿಲ್ಲದ ಗಿಡ, ಔಷಧಿ ಬೇರು, ಮಣ್ಣಿನ ಸೂಕ್ಷ್ಮಜೀವಿ ಆದರೆ ದಾರಿ ಬೇರೆ. ಅವನ್ನು ವಿದೇಶಿಯರಿಗೆ ಕೊಡಲು 2002ರ ಜೀವವೈವಿಧ್ಯ ಕಾಯ್ದೆಯಡಿ ಚೆನ್ನೈನಲ್ಲಿರುವ ರಾಷ್ಟ್ರೀಯ ಪ್ರಾಧಿಕಾರದ ಅನುಮತಿ ಬೇಕು. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಒಪ್ಪಿಗೆ ಪಡೆದ ಸಹಯೋಗ ಯೋಜನೆಗಳಿಗೆ ರಿಯಾಯಿತಿ ಇದೆ. ಆದ್ದರಿಂದ ಯೋಜನೆ ಬರೆಯುವಾಗಲೇ ಆ ಮಾರ್ಗಸೂಚಿಯ ಪ್ರಕಾರ ಬರೆದುಕೊಂಡರೆ ಆಮೇಲೆ ಅಲೆಯುವುದು ತಪ್ಪುತ್ತದೆ.

ಇಷ್ಟೆಲ್ಲ ಕಾಯ್ದೆ ಯಾಕೆ ಅಂತ ಕೇಳುವವರು ಅರಿಶಿನದ ಕತೆ ನೆನಪಿಸಿಕೊಳ್ಳಬೇಕು. ಗಾಯ ಮಾಯಲು ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಸಿಕ್ಕಿಬಿಟ್ಟಿತ್ತು. ನಮ್ಮ ಸರ್ಕಾರದ ವಿಜ್ಞಾನ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಸಾಕ್ಷಿಯಾಗಿ ಇಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ವಿಷಯ ಅದು, ಅಲ್ವಾ? ಬರೆದಿಟ್ಟ ದಾಖಲೆ ಇತ್ತು ಅನ್ನುವ ಕಾರಣಕ್ಕೆ ಗೆದ್ದೆವು. ಇನ್ನೊಂದು ನಿಯಮವೂ ಸಂಶೋಧಕರಿಗೆ ಗೊತ್ತಿರಬೇಕು. ಭಾರತದಲ್ಲಿ ವಾಸವಿರುವವರು ತಮ್ಮ ಶೋಧಕ್ಕೆ ನೇರವಾಗಿ ಹೊರದೇಶದಲ್ಲಿ ಪೇಟೆಂಟ್ ಅರ್ಜಿ ಹಾಕುವ ಹಾಗಿಲ್ಲ. ಮೊದಲು ಇಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು, ಇಲ್ಲವೇ ಮುಂಚೆಯೇ ಅನುಮತಿ ಪಡೆಯಬೇಕು. ಅಲ್ಲಿನ ಪಾಲುದಾರರ ವಕೀಲರಿಗೆ ಇದು ತಿಳಿದಿರುವುದಿಲ್ಲ. ನೆನಪಿಸುವ ಜವಾಬ್ದಾರಿ ಇಲ್ಲಿನವರದು.

ಹೆಸರು ಯಾರದು

ಸಂಶೋಧನಾ ಲೇಖನದಲ್ಲಿ ಹತ್ತು ಹೆಸರಿದ್ದರೂ ಜನ ನೋಡುವುದು ಎರಡು ಜಾಗ. ವಿಜ್ಞಾನದ ಬಹುಪಾಲು ವಿಷಯಗಳಲ್ಲಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದು, ಕೊನೆಯದು ತಂಡದ ಹಿರಿಯರದು. ಮಧ್ಯದಲ್ಲಿ ಇದ್ದವರಿಗೆ ಬಡ್ತಿಯಲ್ಲೂ ಮುಂದಿನ ಯೋಜನೆ ಕೇಳುವಾಗಲೂ ಅಷ್ಟು ಬೆಲೆ ಸಿಗುವುದಿಲ್ಲ. ಬಡ ದೇಶಕ್ಕೆ ಬಂದು, ಮಾಹಿತಿ ಬಾಚಿಕೊಂಡು ಹೋಗಿ, ಇಲ್ಲಿನವರ ಹೆಸರನ್ನು ಮಧ್ಯಕ್ಕೆ ಸೇರಿಸಿಯೋ ಸೇರಿಸದೆಯೋ ಪ್ರಕಟಿಸುವುದಕ್ಕೆ ಹೆಲಿಕಾಪ್ಟರ್ ಸಂಶೋಧನೆ ಅನ್ನುತ್ತಾರೆ. ಇದನ್ನು ತಡೆಯಬೇಕು ಅಂತ 2022ರಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದ ಸಂಶೋಧಕರ ಜಾಗತಿಕ ಸಮ್ಮೇಳನದಿಂದ ಒಂದು ಹೇಳಿಕೆಯೇ ಹೊರಬಂತು. ಪ್ರಶ್ನೆ ರೂಪಿಸುವ ಹಂತದಿಂದಲೇ ಸ್ಥಳೀಯರು ಇರಬೇಕು ಅನ್ನುವುದು ಅದರ ತಿರುಳು.

ದೂರದಿಂದ ಬಂದವರೆಲ್ಲ ಹಾಗೆ ಅಂತ ಅಲ್ಲ. 1950ರ ದಶಕದಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಿಂದ ಬಂದ ಸ್ಕಾರ್ಲೆಟ್ ಎಪ್ಸ್ಟೀನ್ ಮಂಡ್ಯದ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಸಿಕ್ಕಿತ್ತು, ಇನ್ನೊಂದು ಒಣ ಹಳ್ಳಿ. ಕಬ್ಬು ಬೆಳೆದು ದುಡ್ಡು ಕಂಡ ಹಳ್ಳಿಯಲ್ಲಿ ಹಳೆಯ ಸಂಬಂಧಗಳು ಹಾಗೇ ಗಟ್ಟಿಯಾಗಿ ಉಳಿದವು. ನೀರು ಸಿಗದ ಹಳ್ಳಿಯವರು ಹೊರಗಿನ ವ್ಯಾಪಾರ, ಕೂಲಿ, ನೌಕರಿ ಹುಡುಕಿಕೊಂಡು ಹೋದದ್ದರಿಂದ ಅಲ್ಲೇ ಹೆಚ್ಚು ಬದಲಾವಣೆ ಆಯಿತು. ಯಾರೂ ನಿರೀಕ್ಷಿಸದ ಉತ್ತರ ಅದು. 1970ರಲ್ಲಿ ಅದೇ ಹಳ್ಳಿಗಳಿಗೆ ಮತ್ತೆ ಬಂದು ಏನೇನಾಯಿತು ಅಂತ ನೋಡಿದರು. ಎರಡನೇ ಸಲ ಬಂದವರ ಕೆಲಸಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ವಿದ್ಯಾರ್ಥಿಗಳು ಹೆಚ್ಚಾಗಿ ಕೇಳುವುದು ಪದವಿಯ ಬಗ್ಗೆ. ಅದಕ್ಕೆ ಯುಜಿಸಿ 2022ರಲ್ಲಿ ನಿಯಮ ತಂದಿದೆ. ಸ್ವಲ್ಪ ಕಾಲ ಅಲ್ಲಿ ಓದಿ ಇಲ್ಲಿನ ಪದವಿ ಪಡೆಯುವುದು ಒಂದು ಬಗೆ. ಎರಡೂ ವಿಶ್ವವಿದ್ಯಾಲಯ ಸೇರಿ ಒಂದೇ ಪದವಿ ಕೊಡುವುದು ಇನ್ನೊಂದು, ಇದರಲ್ಲಿ ಪ್ರತಿ ಕಡೆ ಕನಿಷ್ಠ ಶೇ 30 ಕ್ರೆಡಿಟ್ ಮಾಡಬೇಕು. ಎರಡೂ ಕಡೆಯಿಂದ ಬೇರೆ ಬೇರೆ ಪದವಿ ಸಿಗುವುದು ಮೂರನೆಯದು. ಸೇರುವ ಮುಂಚೆ ನೋಡಬೇಕಾದ್ದು ನಮ್ಮ ಸಂಸ್ಥೆಗೆ ಆ ಅರ್ಹತೆ ಇದೆಯಾ ಅನ್ನುವುದನ್ನು. ಬರೀ ಎಂಒಯು ಇದೆ ಅನ್ನುವುದನ್ನು ನಂಬಿ ಫೀಸು ಕಟ್ಟಬೇಡಿ.

ಎಲ್ಲ ಸರಿ ಇದ್ದರೂ ಯೋಜನೆ ಮಧ್ಯದಲ್ಲಿ ನಿಲ್ಲಬಹುದು. ಬ್ರಿಟನ್ ತನ್ನ ವಿದೇಶಿ ನೆರವನ್ನು ಕಡಿತ ಮಾಡಿದಾಗ 2021ರಲ್ಲಿ ಅಲ್ಲಿನ ಸಂಶೋಧನಾ ಮಂಡಳಿಗೆ 12 ಕೋಟಿ ಪೌಂಡ್ ಕೊರತೆ ಬಿತ್ತು. ಆಗಲೇ ನಡೆಯುತ್ತಿದ್ದ ಯೋಜನೆಗಳಿಗೂ ಕತ್ತರಿ ಬಿತ್ತು. 2025ರ ಮೇ ತಿಂಗಳಲ್ಲಿ ಎನ್‌ಐಎಚ್, ಅಮೆರಿಕದ ವಿಶ್ವವಿದ್ಯಾಲಯದ ಮೂಲಕ ಹೊರದೇಶದ ಪಾಲುದಾರರಿಗೆ ದುಡ್ಡು ದಾಟಿಸುವ ಹಳೆಯ ಪದ್ಧತಿಯನ್ನು ಹೊಸ ಯೋಜನೆಗಳಿಗೆ ನಿಲ್ಲಿಸಿತು. ತೀರ್ಮಾನ ಲಂಡನ್ನಿನದು, ವಾಷಿಂಗ್ಟನ್ನಿನದು. ಪರಿಣಾಮ ನಮ್ಮಂಥ ಊರುಗಳ ಲ್ಯಾಬ್‌ಗಳಿಗೆ.

ಆ ಪರಿಣಾಮ ಮೊದಲು ತಟ್ಟುವುದು ಪ್ರೊಫೆಸರ್‌ಗಳಿಗಲ್ಲ. ಯೋಜನೆಯ ಸಂಬಳದಲ್ಲಿರುವ ಫೀಲ್ಡ್ ಸಿಬ್ಬಂದಿಗೆ. ಇಪ್ಪತ್ತು ವರ್ಷ ನಡೆಯುವ ಅಧ್ಯಯನದಲ್ಲಿ ಕುಟುಂಬಗಳು ಮನೆ ಬದಲಾಯಿಸುತ್ತವೆ, ಫೋನ್ ನಂಬರ್ ಬದಲಾಗುತ್ತದೆ, ಮಗು ಹೈಸ್ಕೂಲಿಗೆ ಹೋಗಿ 'ನನಗೆ ಇಷ್ಟ ಇಲ್ಲ' ಅನ್ನುತ್ತದೆ. ಮೈಸೂರಿನೊಳಗೇ ಉದಯಗಿರಿಯಿಂದ ಹೆಬ್ಬಾಳಕ್ಕೆ ಹೋದ ಮನೆಯನ್ನು ಹುಡುಕಿ, ಜಗಲಿಯ ಮೇಲೆ ಕೂತು, 'ಅಮ್ಮಾ, ಈ ಸಲ ಒಂದು ಸಾರಿ ಬನ್ನಿ' ಅಂತ ಕರೆತರುವುದು ಇವರು. ಯಾವ ಬೀದಿಯಲ್ಲಿ ಯಾರಿದ್ದಾರೆ ಅನ್ನುವುದು ಇವರ ತಲೆಯಲ್ಲಿರುತ್ತದೆ. ಒಂದು ಗ್ರಾಂಟ್ ಮುಗಿದು ಇನ್ನೊಂದು ಬರುವ ನಡುವೆ ಆರು ತಿಂಗಳು ಸಂಬಳ ಇಲ್ಲದಿದ್ದರೆ ಅವರು ಬೇರೆ ಕೆಲಸಕ್ಕೆ ಹೋಗುತ್ತಾರೆ, ಹೋಗಲೇಬೇಕು. ಅವರ ಜೊತೆ ಅಧ್ಯಯನದ ಅರ್ಧ ಮನೆಗಳೂ ಕೈತಪ್ಪುತ್ತವೆ. ಹೊಸ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಬಜೆಟ್ ಪುಟ ತೆಗೆದು ನೋಡಿ. ವಿಮಾನ ಟಿಕೆಟ್, ಹೋಟೆಲ್, ಪತ್ರಿಕೆಗೆ ಕಟ್ಟುವ ಪ್ರಕಟಣೆ ಶುಲ್ಕ ಎಲ್ಲ ಇರುತ್ತದೆ. ಎರಡು ಗ್ರಾಂಟ್‌ಗಳ ನಡುವಿನ ಸಂಬಳಕ್ಕೆ ಒಂದು ಸಾಲು ಇಲ್ಲದಿದ್ದರೆ, ಅದನ್ನು ಸೇರಿಸಿ ಅಂತ ಕೇಳಿ.